ಜರ್ಮನ್ ನುಡಿಯಲ್ಲಿ ನಂಟಸ್ತಿಕೆಯ ಹೆಸರುಗಳು

ಜರ್ಮನ್ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ಕನ್ನಡಿಗನೊಬ್ಬನಿಗೆ ಆ ನಾಡಿನಿಂದ ಒಂದು ಕಾಗದ ಬಂದಿದೆಯೆಂದು ಭಾವಿಸೋಣ. "ನಿನ್ನೆ ನಮ್ಮ ಮನೆಗೆ ಓಂಕೆಲ್ ಬಂದಿದ್ದರು" ಎಂಬುದು ಅದರ ಮೊದಲನೆಯ ವಾಕ್ಯ. ಮಾತುಗಳು ಸುಲಭ, ವ್ಯಾಕರಣವೂ ಸರಳ. ಆದರೂ ಅದನ್ನು ಕನ್ನಡಕ್ಕೆ ತಿರುಗಿಸಲು ಕುಳಿತ ವಿದ್ಯಾರ್ಥಿಯು ಮುಂದೆ ಹೋಗಲಾರದೆ ನಿಂತುಬಿಡುತ್ತಾನೆ. ಬಂದವರು ತಂದೆಯ ಅಣ್ಣನೆ, ತಮ್ಮನೆ? ತಾಯಿಯ ಒಡಹುಟ್ಟಿದವನೆ? ಸೋದರತ್ತೆಯ ಗಂಡನೆ, ಚಿಕ್ಕಮ್ಮನ ಗಂಡನೆ? ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಮಾವ ಎಂಬ ಹೆಸರುಗಳಲ್ಲಿ ಯಾವುದನ್ನು ಹಾಕಬೇಕೆಂಬುದು ಕಾಗದದಿಂದ ತಿಳಿಯದು. ಬರೆದವನನ್ನೇ ಕೇಳಿದರೆ, "ಓಂಕೆಲ್ ಎಂದರೆ ಓಂಕೆಲ್, ಅದರಲ್ಲಿ ಕೇಳುವುದೇನಿದೆ?" ಎಂದು ಅವನು ಆಶ್ಚರ್ಯಪಟ್ಟಾನು.

ಇದನ್ನು ಕಂಡು, ಆ ಜನರಿಗೆ ಬಂಧುಪ್ರೀತಿ ಕಡಮೆಯೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ಸರಿಯಲ್ಲ. ಒಂದು ಕಾಲದಲ್ಲಿ ಅವರಲ್ಲಿಯೂ ತಂದೆಯ ಸೋದರನಿಗೊಂದು ಹೆಸರು, ತಾಯಿಯ ಸೋದರನಿಗೆ ಇನ್ನೊಂದು ಹೆಸರು ಇದ್ದಿತು. ಅವು ಏತಕ್ಕಾಗಿ ಇದ್ದುವು, ಹೇಗೆ ಹೋದುವು, ಅವು ಹೋದಮೇಲೆ ಏನಾಯಿತು ಎಂಬುದನ್ನು ಈ ಸಂಜೆ ಸ್ವಲ್ಪ ವಿಚಾರಮಾಡೋಣ. ಪರರ ಮನೆಯ ಕಥೆಯೆಂದು ತೊಡಗಿದರೂ ಅದು ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುವುದನ್ನು ಕೇಳುವವರು ಕಾಣಬಹುದು.

ಮೊದಲು ಮನೆಯೊಳಗಿನ ಹೆಸರುಗಳು. ಜರ್ಮನರು ತಂದೆಯನ್ನು ಫಾಟರ್ ಎನ್ನುತ್ತಾರೆ. ತಾಯಿ ಮುಟ್ಟರ್, ಸೋದರ ಬ್ರೂಡರ್, ಸೋದರಿ ಶ್ವೆಸ್ಟರ್, ಮಗ ಸೋನ್, ಮಗಳು ಟೋಖ್ಟರ್. ಸಂಸ್ಕೃತದ ಪಿತೃ, ಮಾತೃ, ಭ್ರಾತೃ, ಸ್ವಸೃ, ಸೂನು, ದುಹಿತೃ ಎಂಬ ಮಾತುಗಳನ್ನು ಬಲ್ಲವರಿಗೆ ಇವು ಅಪರಿಚಿತವೆನ್ನಿಸಲಾರವು. ಈ ಸಾಮ್ಯವು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಜರ್ಮನ್ ನುಡಿಯ ಪೂರ್ವರೂಪಗಳೂ ಅದೇ ಬುಡದವೆಂದು ಸೂಚಿಸಿದರು. 1816ರಲ್ಲಿ ಫ್ರಾಂಟ್ಸ್ ಬಾಪ್ ಎಂಬ ಜರ್ಮನ್ ಪಂಡಿತನು ಕ್ರಿಯಾಪದಗಳ ರೂಪಗಳನ್ನು ಹೋಲಿಸಿ ನೋಡಿ ಈ ವಿಚಾರಕ್ಕೆ ಶಾಸ್ತ್ರದ ತಳಹದಿಯನ್ನು ಹಾಕಿದನು.

ಮದುವೆಯಿಂದ ಬಂದ ನಂಟರ ಹೆಸರುಗಳಲ್ಲಿ ಈ ಸಾಮ್ಯ ಇನ್ನೂ ಸ್ವಾರಸ್ಯವಾಗಿದೆ. ಹಳೆಯ ಜರ್ಮನಿನಲ್ಲಿ ಮಾವನಿಗೆ ಶ್ವೇಹರ್ ಎಂದು ಹೆಸರು. ಇದು ನಮ್ಮ ಪುರೋಹಿತರ ಬಾಯಲ್ಲಿ ಕೇಳುವ ಶ್ವಶುರ. ಅತ್ತೆ ಶ್ವೀಗರ್; ಇದು ಶ್ವಶ್ರೂ. ಸೊಸೆ ಶ್ನೂರ್, ಇದು ಸ್ನುಷಾ. ಲೂಥರನ ಜರ್ಮನ್ ಬೈಬಲು 1534ರಲ್ಲಿ ಪೂರ್ತಿಯಾಗಿ ಅಚ್ಚಾಯಿತು. ಅವನ ಭಾಷಾಂತರದಲ್ಲಿ, ಗಂಡನನ್ನು ಕಳೆದುಕೊಂಡರೂ ಅತ್ತೆಯ ಕೈಬಿಡದೆ ಅವಳ ಹಿಂದೆಯೇ ಹೊರಟ ರೂತಳ ಕಥೆಯನ್ನು ಓದಿದರೆ ಶ್ನೂರ್, ಶ್ವೀಗರ್ ಎಂಬ ಮಾತುಗಳೇ ಕಾಣುತ್ತವೆ. ಈಗಿನ ಜರ್ಮನನಿಗೆ ಶ್ನೂರ್ ಎಂದರೆ ದಾರ, ಹುರಿ, ಅಷ್ಟೆ. ಸೊಸೆಯೆಂಬ ಅರ್ಥವು ನಿಘಂಟಿನ ಪುಟದಲ್ಲಿ ಉಳಿದುಕೊಂಡಿದೆ.

ಈ ಸಾಮ್ಯವು ಸಂಸ್ಕೃತದೊಡನೆಯೇ ಹೊರತು ಕನ್ನಡದೊಡನೆಯಲ್ಲ. ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಅತ್ತೆ, ಮಾವ ಎಂಬುವು ದ್ರಾವಿಡದ ಸ್ವಂತ ಆಸ್ತಿ. ಅವುಗಳ ಕಟ್ಟಡವೇ ಬೇರೆ. ನಮ್ಮಲ್ಲಿ ಮುಖ್ಯವಾದ ಪ್ರಶ್ನೆಗಳು ಎರಡು: ಹಿರಿಯರೋ ಕಿರಿಯರೋ ಎಂಬುದು ಒಂದು, ಕೊಟ್ಟು ತರುವ ಸಂಬಂಧವೋ ಅಲ್ಲವೋ ಎಂಬುದು ಇನ್ನೊಂದು. ಚಿಕ್ಕಪ್ಪನ ಮಗಳು ತಂಗಿ; ಸೋದರಮಾವನ ಮಗಳು, ಅನೇಕ ಮನೆತನಗಳ ಸಂಪ್ರದಾಯದಲ್ಲಿ, ಹೆಂಡತಿಯಾಗಬಹುದಾದವಳು. ತಾಯಿಯ ಅಣ್ಣನನ್ನೂ ಹೆಂಡತಿಯ ತಂದೆಯನ್ನೂ ಮಾವ ಎಂಬ ಒಂದೇ ಮಾತಿನಿಂದ ಕರೆಯುವುದರ ಗುಟ್ಟು ಇದೇ. 1871ರಲ್ಲಿ ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ನನು ಲೋಕದ ನಾನಾ ಜನಾಂಗಗಳ ಬಂಧುವಾಚಕಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅದರ ಪಟ್ಟಿಗಳಲ್ಲಿ ಜರ್ಮನಿಗೂ ಸ್ಥಾನವುಂಟು. ತಮಿಳು ತೆಲುಗುಗಳ ಜತೆಯಲ್ಲಿ ಕನ್ನಡಕ್ಕೂ ಸ್ಥಾನವುಂಟು. ಬಂಧುಗಳನ್ನು ಎಣಿಸುವ ಕ್ರಮ ಎಲ್ಲ ಜನರಲ್ಲಿಯೂ ಒಂದೇ ಅಲ್ಲವೆಂಬುದು ಅಂಥ ಪಟ್ಟಿಗಳಿಂದಲೇ ವಿದ್ವಾಂಸರಿಗೆ ಸ್ಪಷ್ಟವಾಯಿತು.

ಹಾಗಾದರೆ ಹಳೆಯ ಜರ್ಮನರು ಎಣಿಸುತ್ತಿದ್ದ ಕ್ರಮ ಯಾವುದು? ತಂದೆತಾಯಿಗಳ ಒಡಹುಟ್ಟಿದವರಿಗೆ ಅವರಲ್ಲಿ ನಾಲ್ಕು ಹೆಸರುಗಳಿದ್ದುವು. ತಂದೆಯ ಸೋದರ ಫೆಟ್ಟರ್. ತಂದೆಯ ಸೋದರಿ ಬಾಸೆ. ತಾಯಿಯ ಸೋದರ ಓಹೈಮ್. ತಾಯಿಯ ಸೋದರಿ ಮೂಮೆ. ಮನೆಯ ನಾಲ್ಕು ಮೂಲೆಗಳಿಗೆ ನಾಲ್ಕು ಕಂಬಗಳಿದ್ದಂತೆ. ಇವರಲ್ಲಿ ಓಹೈಮನ ಸ್ಥಾನ ವಿಶೇಷವಾದುದು. ರೋಮಿನ ಇತಿಹಾಸಕಾರನಾದ ಟ್ಯಾಸಿಟಸನು ಕ್ರಿ. ಶ. 98ರ ಸುಮಾರಿಗೆ ಜರ್ಮನ್ ಕುಲಗಳ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಅಕ್ಕತಂಗಿಯರ ಗಂಡುಮಕ್ಕಳಿಗೆ ತಂದೆಯ ಹತ್ತಿರ ಎಷ್ಟು ಮನ್ನಣೆಯೋ ಸೋದರಮಾವನ ಹತ್ತಿರವೂ ಅಷ್ಟೇ ಮನ್ನಣೆಯೆಂದೂ, ಕೆಲವರು ಈ ಸಂಬಂಧವನ್ನೇ ಹೆಚ್ಚು ಪವಿತ್ರವೆಂದು ಎಣಿಸುತ್ತಾರೆಂದೂ ಅವನು ಅದರಲ್ಲಿ ಹೇಳಿದ್ದಾನೆ. ಒತ್ತೆಯಾಳುಗಳನ್ನು ಕೇಳುವಾಗ ಸೋದರಳಿಯಂದಿರನ್ನೇ ಕೇಳುತ್ತಿದ್ದರಂತೆ. ಅವರು ಕೈಯಲ್ಲಿದ್ದರೆ ಇಡೀ ಕುಲವೇ ಕಟ್ಟುಬಿದ್ದಂತೆ. ಸೋದರಮಾವನ ತೊಡೆಯ ಮೇಲೆ ಕುಳಿತು ಕಿವಿ ಚುಚ್ಚಿಸಿಕೊಂಡ ನಮ್ಮವರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇದು ಬರಿಯ ಪ್ರೀತಿಯ ಮಾತಾಗಿರಲಿಲ್ಲ. ಹೆಸರಿನ ಹಿಂದೆ ಹೊಣೆಯಿದ್ದಿತು. ಮಕ್ಕಳಿಲ್ಲದೆ ಸತ್ತವನ ಆಸ್ತಿಯು ಮೊದಲು ಸೋದರರಿಗೆ, ಆಮೇಲೆ ತಂದೆಯ ಸೋದರರಿಗೆ, ಆಮೇಲೆ ತಾಯಿಯ ಸೋದರರಿಗೆ ಹೋಗುತ್ತಿದ್ದಿತೆಂದು ಟ್ಯಾಸಿಟಸನೇ ಹೇಳುತ್ತಾನೆ. ತಂದೆಯ ಹಗೆಯೂ ಮಗನಿಗೆ ಬರುತ್ತಿದ್ದಿತು, ಸ್ನೇಹವೂ ಬರುತ್ತಿದ್ದಿತು. ಕೊಲೆ ನಡೆದರೆ ಇಷ್ಟು ದನ, ಇಷ್ಟು ಕುರಿ ಎಂದು ದಂಡ ಗೊತ್ತಾಗುತ್ತಿದ್ದಿತು. ಅದನ್ನು ಸತ್ತವನ ಮನೆತನವೆಲ್ಲ ಸ್ವೀಕರಿಸುತ್ತಿದ್ದಿತು. ಯಾರ ಕಡೆಯ ನಂಟ, ಎಷ್ಟು ಹತ್ತಿರದವ ಎಂಬುದನ್ನು ಖಚಿತವಾಗಿ ಹೇಳಲಾರದ ಭಾಷೆಯು ಅಂಥ ಸಮಾಜದಲ್ಲಿ ಒಂದು ದಿನವೂ ನಡೆಯಲಾರದು.

ಕಾಲವು ಬದಲಾಯಿತು. ಮದುವೆಗೆ ನಿಷಿದ್ಧವಾದ ನಂಟಸ್ತಿಕೆಗಳನ್ನು ಕ್ರೈಸ್ತ ಧರ್ಮಪೀಠವು ತಾಯಿಯ ಕಡೆಗೂ ತಂದೆಯ ಕಡೆಗೂ ಒಂದೇ ಅಳತೆಯಿಂದ ಅಳೆಯಿತು. ನಗರಗಳು ಬೆಳೆದುವು, ನ್ಯಾಯಸ್ಥಾನಗಳು ಬಂದುವು. 1495ರಲ್ಲಿ ದೊರೆ ಮ್ಯಾಕ್ಸಿಮಿಲಿಯನ್ನನು ವೋರ್ಮ್ಸ್ ನಗರದ ಸಭೆಯಲ್ಲಿ, ಯಾರೂ ತಮ್ಮ ಹಗೆಯನ್ನು ತಾವೇ ಕತ್ತಿಯಿಂದ ತೀರಿಸಿಕೊಳ್ಳಕೂಡದೆಂದು ಶಾಶ್ವತವಾದ ಶಾಂತಿಶಾಸನವನ್ನು ಹೊರಡಿಸಿದನು. ನಂಟನ ರಕ್ತಕ್ಕೆ ನಂಟನೇ ಹೊಣೆಯೆಂಬ ಕಾಲವು ಹೀಗೆ ಮುಗಿಯುತ್ತ ಬಂದಿತು. ಇದು ಲೋಕಕ್ಕೆ ಒಳ್ಳೆಯದೇ ಆಯಿತು; ಆದರೆ ಹೊಣೆ ಸಡಿಲವಾದ ಹಾಗೆ ಹೆಸರುಗಳ ಅಂಚೂ ಸಡಿಲವಾಯಿತು. ಫೆಟ್ಟರ್ ಎಂಬ ಮಾತು ಚಿಕ್ಕಪ್ಪನನ್ನು ಬಿಟ್ಟು ಚಿಕ್ಕಪ್ಪನ ಮಗನಿಗೆ ಇಳಿಯಿತು; ಆಮೇಲೆ ಅತ್ತೆಯ ಮಗ, ಮಾವನ ಮಗ, ಎಲ್ಲರೂ ಫೆಟ್ಟರರೇ ಆದರು. ಬಾಸೆಯೂ ಸೋದರತ್ತೆಯ ಪದವಿಯಿಂದ ಅವಳ ಮಗಳ ಪದವಿಗೆ ಇಳಿದಳು. ಮೂಮೆ ಎಂಬುದು ಮುದಿ ನಂಟಳೆಂಬಷ್ಟರ ಮಾತಾಯಿತು. ಗಯಟೆ ಕವಿಯ ಫೌಸ್ಟ್ ನಾಟಕದಲ್ಲಿ ಸೈತಾನನು ಹಾವನ್ನು ತನ್ನ ಮೂಮೆಯೆಂದು ಹೇಳಿಕೊಳ್ಳುತ್ತಾನೆ.

ಹೀಗೆ ಸಡಿಲವಾಗಿದ್ದ ಬಾಗಿಲಿನೊಳಕ್ಕೆ ಹೊರಗಿನ ಮಾತುಗಳು ಬಂದುವು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಿಂದ ಜರ್ಮನ್ ನಾಡು ನುಗ್ಗಾಗಿದ್ದಿತು. ಪಕ್ಕದ ಫ್ರಾನ್ಸು ವೈಭವದಲ್ಲಿದ್ದಿತು. ಸಣ್ಣಪುಟ್ಟ ಸಂಸ್ಥಾನಗಳ ಅರಮನೆಗಳಲ್ಲಿಯೂ ಫ್ರೆಂಚ್ ಮಾತನಾಡುವುದೇ ಮರ್ಯಾದೆಯೆನ್ನಿಸಿತು. 1740ರಿಂದ 1786ರವರೆಗೆ ಪ್ರಷ್ಯವನ್ನು ಆಳಿದ ಎರಡನೆಯ ಫ್ರೆಡರಿಕ್ ದೊರೆಗೆ ಜರ್ಮನಿಗಿಂತ ಫ್ರೆಂಚೇ ಪ್ರಿಯ. ಆ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಓಂಕೆಲ್, ಟಾಂಟೆ ಎಂಬ ಫ್ರೆಂಚ್ ಮಾತುಗಳು ಮೊದಲು ದೊಡ್ಡವರ ಮನೆಗಳಿಗೆ ಬಂದು, ಅಲ್ಲಿಂದ ಪೇಟೆಯವರ ಮನೆಗಳಿಗೆ ಇಳಿದುವು. ಕೂಸಾನ್, ಕೂಸೀನೆ ಎಂಬುವು ಫೆಟ್ಟರ್ ಬಾಸೆಯರ ಜಾಗಕ್ಕೆ ಬಂದುವು. ಪಾಪಾ, ಮಾಮಾ ಎಂದು ತಂದೆತಾಯಿಗಳನ್ನು ಕರೆಯುವ ರೂಢಿಯೂ ಆ ದಾರಿಯಿಂದಲೇ ಬಂದುದು. ಓಹೈಮ್ ಈಗ ಹಳೆಯ ಕಾವ್ಯ ನಾಟಕಗಳಲ್ಲಿ ಮಾತ್ರ ಉಳಿದಿದ್ದಾನೆ.

ಹೊರಗಿನಿಂದ ತಂದ ಮಾತುಗಳಲ್ಲದೆ ಮನೆಯಲ್ಲಿಯೇ ಹೊಸದಾಗಿ ಕಟ್ಟಿಕೊಂಡ ಹೆಸರುಗಳೂ ಉಂಟು. ಶ್ವೇಹರ್, ಶ್ನೂರ್ ಮೊದಲಾದ ಮಾತುಗಳು ಮರೆಯಾಗುತ್ತ ಬಂದಾಗ ಜರ್ಮನರು ಅತ್ತೆಯೆಂಬ ಅರ್ಥದ ಶ್ವೀಗರನ್ನು ಮುಂದೆ ಸೇರಿಸಿ ಎಲ್ಲರಿಗೂ ಹೆಸರಿಟ್ಟರು. ಮಾವ ಶ್ವೀಗರ್‌ಫಾಟರ್, ಅಳಿಯ ಶ್ವೀಗರ್‌ಸೋನ್, ಸೊಸೆ ಶ್ವೀಗರ್‌ಟೋಖ್ಟರ್. ಮೂಲಾರ್ಥವನ್ನು ಹಿಡಿದು ಹೇಳಿದರೆ ಮಾವನು 'ಅತ್ತೆ-ತಂದೆ', ಅತ್ತೆಯು 'ಅತ್ತೆ-ತಾಯಿ'! ಮನೆಯಲ್ಲಿ ಅತ್ತೆಯ ಅಧಿಕಾರ ಎಷ್ಟಿದ್ದಿತೋ ಹೇಳಲಾರೆ. ಭಾಷೆಯಲ್ಲಂತೂ ಅವಳು ಇಡೀ ಬೀಗರ ಬಳಗವನ್ನೇ ತನ್ನ ಸೆರಗಿನೊಳಕ್ಕೆ ಎಳೆದುಕೊಂಡಿದ್ದಾಳೆ. ನಾವೂ ಅತ್ತೆಯ ಮನೆಯೆಂದೇ ಅನ್ನುತ್ತೇವಲ್ಲವೆ?

ಭಾವ, ಮೈದುನ, ಹೆಂಡತಿಯ ಅಣ್ಣತಮ್ಮಂದಿರು, ಇಷ್ಟು ಜನಕ್ಕೂ ಸೇರಿ ಅವರಲ್ಲಿ ಶ್ವಾಗರ್ ಎಂದು ಒಂದೇ ಮಾತು. ಹಿಂದೆ ಅಂಚೆಯ ಗಾಡಿ ಹೊಡೆಯುವವನನ್ನೂ ಪ್ರಯಾಣಿಕರು ಶ್ವಾಗರ್ ಎಂದೇ ಕೂಗುತ್ತಿದ್ದರು. ಷಡ್ಡಕನಿಗೂ ಓರಗಿತ್ತಿಗೂ ಬೇರೆ ಹೆಸರಿಲ್ಲದೆ ಕಷ್ಟವಾಗಿ, ಶ್ವಿಪ್‌ಶ್ವಾಗರ್, ಶ್ವಿಪ್‌ಶ್ವೇಗರಿನ್ ಎಂದು ಆಡುಮಾತಿನವರು ತಾವೇ ಕಟ್ಟಿಕೊಂಡರು. ಇದರ ಅರ್ಥವ್ಯಾಪ್ತಿ ನಮ್ಮ ಷಡ್ಡಕನಷ್ಟು ಬಿಗಿಯಾದುದಲ್ಲ. ಅತ್ತಿಗೆಯ ತಮ್ಮನಿಗೂ ಅದು ಸಲ್ಲುತ್ತದೆ. ಆದರೂ ಭೇದ ಬೇಕೆನ್ನಿಸಿದ ಕಡೆ ಭಾಷೆಯು ಸುಮ್ಮನಿರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನು ಮೊಮ್ಮಗ. ಅವನ ಹೆಸರು ಎಂಕೆಲ್. ಅಜ್ಜನೆಂಬ ಅರ್ಥದ ಒಂದು ಪ್ರಾಚೀನ ಮಾತಿಗೆ ಅಲ್ಪಾರ್ಥದ ಪ್ರತ್ಯಯ ಸೇರಿ ಇದು ಆಗಿದೆ. ಎಂದರೆ 'ಪುಟ್ಟ ಅಜ್ಜ'. ಅಜ್ಜನೇ ಮೊಮ್ಮಗನಾಗಿ ಮರಳಿ ಬರುತ್ತಾನೆಂಬ ನಂಬಿಕೆ ಇದರ ಹಿಂದೆ ಇದ್ದಿರಬಹುದೆಂದು ಕೆಲವರ ಊಹೆ. ಮೊಮ್ಮಗನಿಗೆ ತಾತನ ಹೆಸರನ್ನಿಟ್ಟು, ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಆ ಮಗುವನ್ನು 'ಪುಟ್ಟು' ಎಂದೋ 'ರಾಜ' ಎಂದೋ ಕರೆಯುತ್ತಿದ್ದ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಅಜ್ಜನಿಗೆ ಈಗ ಗ್ರೋಸ್‌ಫಾಟರ್, ಅಜ್ಜಿಗೆ ಗ್ರೋಸ್‌ಮುಟ್ಟರ್ ಎನ್ನುತ್ತಾರೆ. ದೊಡ್ಡ ತಂದೆ, ದೊಡ್ಡ ತಾಯಿ ಎಂದರ್ಥ. ಇವು ಕೂಡ ಫ್ರೆಂಚಿನ ಅಚ್ಚಿನಲ್ಲಿ ಎರಕ ಹೊಯ್ದವು. ಮಕ್ಕಳು ಮಾತ್ರ ಓಪಾ, ಓಮಾ ಎಂದು ಕರೆದು ಕೆಲಸವನ್ನು ಸುಲಭಮಾಡಿಕೊಂಡಿದ್ದಾರೆ.

ಇಷ್ಟು ಹೊತ್ತು ಹೇಳಿದುದು ನಗುತ್ತ ಕೇಳಬಹುದಾದ ಕಥೆ. ಇನ್ನು ಹೇಳುವುದು ಹಾಗಲ್ಲ. ಅಜ್ಜಿಯೆಂಬ ಈ ಮಾತೇ ಒಂದು ಕಾಲದಲ್ಲಿ ಜರ್ಮನಿಯಲ್ಲಿ ಮನುಷ್ಯನ ಪ್ರಾಣವನ್ನು ತೂಗುವ ತಕ್ಕಡಿಯಾಯಿತು. ಹಿಟ್ಲರನ ಸರ್ಕಾರವು 1933ರ ಏಪ್ರಿಲಿನಲ್ಲಿ ಮಾಡಿದ ಕಾನೂನಿನ ಪ್ರಕಾರ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದ್ಯರಾಗಿದ್ದರೂ ಸರ್ಕಾರಿ ನೌಕರಿಯಿಂದ ತೆಗೆದುಹಾಕಬಹುದಾಗಿದ್ದಿತು. ಕೆಲವರಿಗೆ ಮಾತ್ರ ಮೊದಲಲ್ಲಿ ವಿನಾಯಿತಿ ಇದ್ದಿತು. 1935ರ ನ್ಯೂರೆಂಬರ್ಗ್ ಶಾಸನಗಳೂ ಅವುಗಳ ನಿಬಂಧನೆಗಳೂ ಬಂದಮೇಲೆ, ನಾಲ್ವರಲ್ಲಿ ಮೂವರು ಯೆಹೂದ್ಯರಾಗಿದ್ದವನು ತಾನು ಏನು ನಂಬಿದರೂ ಹೇಗೆ ಬಾಳಿದರೂ ಯೆಹೂದ್ಯನೇ ಎಂದಾಯಿತು. ಅವನ ಪೌರತ್ವದ ಹಕ್ಕುಗಳು ಹೋದುವು. ಜನರು ಚರ್ಚುಗಳ ಜನನ ವಿವಾಹ ದಾಖಲೆಗಳನ್ನು ಹುಡುಕಿಸಿ, 'ಪೂರ್ವಿಕರ ರಹದಾರಿ' ಎಂಬ ಪುಸ್ತಕದಲ್ಲಿ ಅಜ್ಜ ಅಜ್ಜಿಯರ ಹೆಸರುಗಳನ್ನು ತುಂಬಿಸಿ ಮೊಹರು ಹಾಕಿಸಿಕೊಂಡರು. ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದ್ದ ಅಜ್ಜಿಯು ಕಚೇರಿಯ ಕಾಗದದಲ್ಲಿ ಒಂದು ಗೀಟಾದಳು. ಅಂಥ ಪಟ್ಟಿಗಳ ಆಧಾರದ ಮೇಲೆಯೇ ಮುಂದೆ ಅಸಂಖ್ಯಾತ ಸಂಸಾರಗಳು ಸಾವಿಗೆ ಕಳುಹಿಸಲ್ಪಟ್ಟುವು.

ಬಳಗಕ್ಕೆ ಜರ್ಮನಿನಲ್ಲಿ ಸಿಪ್ಪೆ ಎಂದು ಒಂದು ಪುರಾತನವಾದ ಹೆಸರುಂಟು. ನಮ್ಮ ಕಿವಿಗೆ ಅದು ಹಣ್ಣಿನ ಸಿಪ್ಪೆಯಂತೆ ಕೇಳಿದರೂ, ಸಂಸ್ಕೃತದ ಸಭಾ ಎಂಬ ಶಬ್ದಕ್ಕೆ ಸಂಬಂಧಪಟ್ಟುದೆಂದು ಪಂಡಿತರು ಹೇಳುವುದುಂಟು. ಒಬ್ಬರನ್ನೊಬ್ಬರು ಕಾಯಲು ಕೂಡಿದವರು ಎಂಬ ಭಾವವಿದ್ದ ಆ ಮಾತನ್ನೂ ಅವರು ಕೆಡಿಸಿದರು. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲಲು ಬಾಂಬು ಇಟ್ಟ ಸ್ಟೌಫೆನ್‌ಬರ್ಗನು ಆ ರಾತ್ರಿಯೇ ಗುಂಡಿಗೆ ಗುರಿಯಾದನು. ಆದರೆ ಅಲ್ಲಿಗೆ ಮುಗಿಯಲಿಲ್ಲ. 'ಸಿಪ್ಪೆನ್‌ಹಾಫ್ಟ್', ಎಂದರೆ ಬಳಗದ ಸೆರೆ, ಎಂಬ ಹೆಸರಿನಿಂದ ಒಬ್ಬನ ಅಪರಾಧಕ್ಕಾಗಿ ನಂಟರನ್ನೆಲ್ಲ ಹಿಡಿದರು. ಗರ್ಭಿಣಿಯಾಗಿದ್ದ ಅವನ ಹೆಂಡತಿ ನೀನಾ ಸೆರೆಗೆ ಹೋದಳು. ನಾಲ್ಕು ಮಕ್ಕಳನ್ನು ಬಾಡ್ ಸಾಕ್ಸಾ ಎಂಬ ಊರಿನ ಮಕ್ಕಳ ಆಶ್ರಮಕ್ಕೆ ಒಯ್ದು, ಅವರ ಮನೆತನದ ಹೆಸರನ್ನು ಕಿತ್ತು, ಮೈಸ್ಟರ್ ಎಂಬ ಬೇರೊಂದು ಹೆಸರನ್ನು ಅಂಟಿಸಿದರು. ಎರಡು ಸಾವಿರ ವರ್ಷಗಳ ಹಿಂದೆ ನಂಟನ ಹೊಣೆಯನ್ನು ನಂಟನು ತಾನಾಗಿ ಹೊರುತ್ತಿದ್ದನು; ಇಲ್ಲಿ ರಾಜ್ಯವು ಅದನ್ನು ಕೂಸುಗಳ ಹೆಗಲಿಗೆ ಹೇರಿತು. 1945ರಲ್ಲಿ ಆ ಸರ್ಕಾರವು ಅಳಿಯಿತು. ಮಕ್ಕಳು ತಮ್ಮ ಹೆಸರಿನೊಡನೆ ತಮ್ಮವರನ್ನು ಸೇರಿದರು.

ನಂಟಸ್ತಿಕೆಯ ಹೆಸರು ಒಂದು ಬರಿಯ ಶಬ್ದವಲ್ಲ. ಯಾರು ಯಾರಿಗೆ ಏನಾಗಬೇಕು, ಯಾರು ಯಾರಿಗೆ ಏನು ಮಾಡಬೇಕು ಎಂಬುದನ್ನು ಅದು ಬರೆದಿಟ್ಟಿರುತ್ತದೆ. ಹೊಣೆಯಿದ್ದಷ್ಟು ದಿನ ಹೆಸರು ಬಾಳುತ್ತದೆ. ಹೊಣೆ ಹೋದಮೇಲೆ ಹೆಸರನ್ನು ಯಾವ ನಿಘಂಟೂ ಬದುಕಿಸಲಾರದು. ಗ್ರಿಮ್ ಸೋದರರು 1838ರಲ್ಲಿ ಆರಂಭಿಸಿದ ಜರ್ಮನ್ ಮಹಾನಿಘಂಟು 1961ರಲ್ಲಿ ಮುಗಿಯಿತು. ಓಹೈಮನೂ ಮೂಮೆಯೂ ಅದರಲ್ಲಿ ಭದ್ರವಾಗಿದ್ದಾರೆ, ಆದರೆ ಯಾವ ಮಗುವೂ ಅವರನ್ನು ಬೀದಿಯ ತುದಿಯಲ್ಲಿ ಕಂಡು ಆ ಹೆಸರು ಹಿಡಿದು ಕೂಗಿ ಓಡಿಬರುವುದಿಲ್ಲ.

ಈಗ ನಮ್ಮ ಬಾಗಿಲಿಗೆ ಬರೋಣ. ಓಹೈಮನನ್ನು ಹೊರಗೆ ಕಳುಹಿಸಿದ ಫ್ರೆಂಚಿನ ಆ ಎರಡು ಮಾತುಗಳೇ ಅದಕ್ಕಿಂತ ಎಷ್ಟೋ ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಯ ಸೋದರಮಾವನ ಹೆಸರನ್ನೂ ಅಳಿಸಿ, ಈಗ ಅಂಕಲ್, ಆಂಟಿ ಎಂದು ನಮ್ಮ ಮನೆಗಳಲ್ಲಿ ಕುಳಿತಿವೆ. ನೆರೆಮನೆಯವರನ್ನು ಮಗು ಹಾಗೆ ಕರೆದರೆ ನಷ್ಟವೇನೂ ಇಲ್ಲ. ಜರ್ಮನರೂ ಅಂಥವರನ್ನು ನೆನ್‌ಓಂಕೆಲ್, ಎಂದರೆ ಕರೆಯುವುದಕ್ಕೆ ಮಾತ್ರ ಓಂಕೆಲ್, ಎಂದು ಬೇರೆಯಾಗಿ ಗುರುತಿಸುತ್ತಾರೆ. ಆದರೆ ಸೋದರಮಾವನೂ ಚಿಕ್ಕಪ್ಪನೂ ಮಗುವಿನ ಬಾಯಲ್ಲಿ ಒಂದೇ ಅಂಕಲ್ ಆದ ದಿನ, ಮದುವೆಯ ಹಸೆಗೆ ಹುಡುಗಿಯನ್ನು ಕರೆತರುವ ಕೈ ಯಾವುದೆಂಬುದನ್ನು ಮಾತು ತಾನಾಗಿ ಹೇಳಲಾರದು. ಆಗ ಪುರೋಹಿತರು ವಿಚಾರಿಸಿ ತಿಳಿದುಕೊಳ್ಳಬೇಕಾದೀತು.

ನಮ್ಮ ಈ ಮಾತುಗಳನ್ನು ಒಂದೊಂದಾಗಿ ಕೂಡಿಸಿ, 1894ರಲ್ಲಿ ಮಂಗಳೂರಿನಿಂದ ನಿಘಂಟಾಗಿ ಹೊರತಂದ ಫರ್ಡಿನಂಡ್ ಕಿಟ್ಟೆಲರು ಜರ್ಮನರೇ. ತಮ್ಮ ನುಡಿಯಲ್ಲಿ ಓಹೈಮ್ ಮಾಯವಾಗುತ್ತಿದ್ದ ಕಾಲದಲ್ಲಿ ಅವರು ನಮ್ಮ ಮಾವನನ್ನೂ ಮೈದುನನನ್ನೂ ಬರೆದಿಟ್ಟರು. ಬರೆದಿಡುವ ಕೆಲಸ ಅವರದು. ಕರೆಯುವ ಕೆಲಸ ನಮ್ಮದು.

ಕೊನೆಗೆ, ಜರ್ಮನರಿಂದ ನಾವು ಕಲಿಯತಕ್ಕ ಒಂದು ಮಾತು. 1900ನೆಯ ಇಸವಿಯ ಜನವರಿ 1ರಂದು ಜಾರಿಗೆ ಬಂದು ಇಂದಿಗೂ ನಡೆಯುತ್ತಿರುವ ಅವರ ವ್ಯವಹಾರಸಂಹಿತೆಯು ರಕ್ತಸಂಬಂಧವನ್ನು ನಡುವಣ ಹೆರಿಗೆಗಳ ಲೆಕ್ಕದಿಂದ ಅಳೆಯುತ್ತದೆ: ತಾಯಿಗೂ ಮಗುವಿಗೂ ಒಂದು ಹೆರಿಗೆ, ಅಣ್ಣತಮ್ಮಂದಿರ ನಡುವೆ ಎರಡು, ಸೋದರಮಾವನಿಗೂ ಸೋದರಳಿಯನಿಗೂ ಮೂರು. ಮದುವೆಯಿಂದ ಬಂದ ನಂಟಸ್ತಿಕೆಯನ್ನು ಕುರಿತು ಅದು ಇನ್ನೊಂದು ನಿಯಮವನ್ನು ಹೇಳುತ್ತದೆ. ಆ ಮದುವೆಯು ಮುರಿದುಹೋದರೂ ಅದರಿಂದ ಹುಟ್ಟಿದ ನಂಟಸ್ತಿಕೆ ಮುರಿಯುವುದಿಲ್ಲ. ಗಂಡ ಹೆಂಡಿರು ಬೇರೆಯಾದರೂ ಅತ್ತೆ ಅತ್ತೆಯೇ, ಸೊಸೆ ಸೊಸೆಯೇ. ಗಂಡನನ್ನು ಕಳೆದುಕೊಂಡ ರೂತಳು ಅತ್ತೆಯ ಹಿಂದೆ ನಡೆದುದೂ ಇದೇ ಧರ್ಮದಿಂದ. ಹೆಸರು ಬದಲಾಯಿತು, ಹೊಣೆಯೊಂದು ಉಳಿದುಕೊಂಡಿದೆ.